ತೆರೆ ಹೋಯ್ತು, ದಿಣ್ಣೆ ಉಳೀತು

1933ರಲ್ಲಿ ನ್ಯೂಜೆರ್ಸಿಯ ರಿಚರ್ಡ್ ಹಾಲಿಂಗ್ಸ್‌ಹೆಡ್ ಕಾರಿನಿಂದ ಇಳಿಯದೆಯೇ ಸಿನಿಮಾ ನೋಡುವ ಟಾಕೀಸು ತೆರೆದ. ಮೊದಲ ಪ್ರಯೋಗ ಮನೆಯಂಗಳದಲ್ಲೇ: ಮರಗಳಿಗೆ ಬಿಳಿ ಬಟ್ಟೆ, ಕಾರಿನ ಬಾನೆಟ್ ಮೇಲೆ ಪ್ರೊಜೆಕ್ಟರ್. ಮಳೆ ಬಂದರೇನು ಗತಿಯೆಂದು ತೋಟದ ಸ್ಪ್ರಿಂಕ್ಲರನ್ನೂ ಕಾರಿನ ಮೇಲೆ ಬಿಟ್ಟನಂತೆ. ಮನೆಯವರು ಏನಂದರೋ!

1950ರ ದಶಕದ ಕೊನೆಗೆ ಅಮೆರಿಕದಲ್ಲಿ ಇಂಥವು 4,000 ದಾಟಿದ್ದವು. ಈಗ ಕೆಲವೇ ನೂರು.

ಮುಚ್ಚಿಹೋದವನ್ನು ಹುಡುಕುವ ಹುಚ್ಚರೂ ಇದ್ದಾರೆ. ಅವರ ಕಣ್ಣು ನೆಲದ ಮೇಲಲ್ಲ, ಉಪಗ್ರಹ ಚಿತ್ರದ ಮೇಲೆ. ಹಿಂದಿನ ಕಾರಿನವರಿಗೂ ತೆರೆ ಕಾಣಲೆಂದು, ಮುಂಚಕ್ರ ಮೇಲೇರುವಂತೆ ಮಣ್ಣಿನ ದಿಣ್ಣೆಗಳನ್ನು ಕಮಾನಿನಂತೆ ಸಾಲುಸಾಲಾಗಿ ಹಾಕುತ್ತಿದ್ದರು. ತೆರೆ ಉರುಳಿ, ಸ್ಪೀಕರ್ ಕಂಬಗಳು ಗುಜರಿ ಸೇರಿ, ಹುಲ್ಲು ಬೆಳೆದರೂ, ಮೇಲಿನಿಂದ ನೋಡಿದರೆ ಬಿಚ್ಚಿಟ್ಟ ಬೀಸಣಿಗೆ!

ಅಂದಹಾಗೆ, ಹಾಲಿಂಗ್ಸ್‌ಹೆಡ್ ಪೇಟೆಂಟ್ ಪಡೆದದ್ದೂ ಈ ದಿಣ್ಣೆಗಳ ಜೋಡಣೆಗೇ. 1949ರಲ್ಲಿ ಅದು ಕೋರ್ಟಿನಲ್ಲಿ ಬಿದ್ದುಹೋಯಿತು.