ಫ್ಲೆಕ್ಸಿಗೆ ಬಂದ ದಪ್ಪ ತಮ್ಮ

ನಂಜನಗೂಡಿನಲ್ಲಿ ಫ್ಲೆಕ್ಸ್ ಮಾಡಿಸಲು ಹೋದವರು ಯಾರಾದರೂ 'ಅಕ್ಷರ ಸ್ವಲ್ಪ ತೆಳ್ಳಗಿರಲಿ' ಅಂದದ್ದನ್ನು ನಾನಂತೂ ಕೇಳಿಲ್ಲ. 'ಇನ್ನೂ ದಪ್ಪ ಮಾಡಣ್ಣೋ, ಊಟಿ ರೋಡಿಂದ ಕಾಣ್ಬೇಕು' ಅನ್ನುವವರೇ ಎಲ್ಲ. (ಫ್ಲೆಕ್ಸ್ 2016ರಿಂದಲೇ ಸರ್ಕಾರದ ನಿಷೇಧದ ಪಟ್ಟಿಯಲ್ಲಿದೆ ಅಂತ ಇವರಿಗೆ ಹೇಳಿ ನೋಡಿ!)

ಇಂಥವರಿಗೆಂದೇ ಹುಟ್ಟಿದ ಹಾಗಿದೆ ಬಲೂ ತಮ್ಮ. ಮುಂಬೈಯ ಏಕ್ ಟೈಪ್‌ನವರು ಮಾಡಿದ, ಕಾಸಿಲ್ಲದೆ ಇಳಿಸಿಕೊಳ್ಳಬಹುದಾದ ಕನ್ನಡ ಫಾಂಟು. ಮೂಲೆಯೆಲ್ಲ ಗುಂಡಗೆ, ಮೈಯೆಲ್ಲ ಉಬ್ಬಿಕೊಂಡು, ಹಳೇ ಕಾಲದ ಅಂಗಡಿ ಬೋರ್ಡಿನ ತುಂಟತನ ಬೇರೆ. ಇದೇ ಮನೆತನದಲ್ಲಿ ಬಂಗಾಳಿಯವನು ಬಲೂ ದಾ, ಮಲಯಾಳಿ ಬಲೂ ಚೇಟ್ಟನ್. ಅವರಿಗೆ ಅಣ್ಣನ ಪಟ್ಟ, ನಮಗೆ ತಮ್ಮನ ಜಾಗ! ತಮಿಳಿನ ತಂಬಿಯೂ ತೆಲುಗಿನ ತಮ್ಮುಡುವೂ ಜೊತೆಗಿರುವುದೇ ಸಮಾಧಾನ. ಮೊದಲು ತಮ್ಮನಿಗೆ ಒಂದೇ ತೂಕವಿತ್ತು. ಬಲೂ ತಮ್ಮ 2 ಬಂದ ಮೇಲೆ 400ರಿಂದ 800ರವರೆಗೆ ಐದು ತೂಕ. ನಮ್ಮವರು 800 ಬಿಟ್ಟು ಕೆಳಗಿಳಿದರೆ ಕೇಳಿ.

ಹೊಂದುವ ಕಡೆ ಹೊಂದುತ್ತಾನೆ, ಇಲ್ಲವೆನ್ನಲಾರೆ. 'ರಸಬಾಳೆ' ಅಂತ ಬರೆಯಿರಿ: ಒಂದೂ ಒತ್ತಕ್ಷರವಿಲ್ಲ, ನಾಲ್ಕೂ ಅಕ್ಷರ ಗೊನೆಯಿಂದ ಈಗಷ್ಟೇ ಕಿತ್ತ ಹಾಗೆ ಕೂರುತ್ತವೆ. 'ನಂಜನಗೂಡು' ಕೂಡ ಚೆಂದ. ಗೂ-ನ ಕೊಂಬಿನ ಇಳಿ ಬಲಕ್ಕೆ ಬಾಗಿ ಪಕ್ಕದ ಡು-ವನ್ನು ಬಾ ಅಂತ ಕರೆಯುತ್ತದೆ. ಕಷ್ಟ ಶುರುವಾಗುವುದು 'ಶ್ರೀಕಂಠೇಶ್ವರಸ್ವಾಮಿ ದೊಡ್ಡ ಜಾತ್ರೆ' ಅಂದಾಗ. ಆ ಸಾಲಿನಲ್ಲಿ ಐದು ಒತ್ತು. ಅಕ್ಷರ ದಪ್ಪವಾದಷ್ಟೂ ಒತ್ತು ಕೆಳಗಿಳಿದು, ಅಡಿಯಲ್ಲಿ ಕೈಮುಗಿದು ನಿಂತ ಮುಖಂಡರ ನೆತ್ತಿಗೆ ತಾಗುತ್ತದೆ. ಅದರ ಮೇಲೆ ಬಿಳಿ ಔಟ್‌ಲೈನು, ಅದರ ಸುತ್ತ ಕೆಂಪು, ಆಮೇಲೆ ಶ್ಯಾಡೋ. ಅಷ್ಟರಲ್ಲಿ ಠ-ದ ಹೊಟ್ಟೆಯ ಚುಕ್ಕಿ ಮುಚ್ಚಿಹೋಗಿ ಅದು ಬೋಂಡದಂತಾಗಿರುತ್ತದೆ. ಅಂಗಡಿಯ ಸಾಫ್ಟ್‌ವೇರು ಹಳೆಯದಾಗಿದ್ದರಂತೂ ಯುನಿಕೋಡ್ ಒಗ್ಗದೆ ಒತ್ತೆಲ್ಲ ಕಳಚಿಕೊಂಡು, ದೇವರು 'ಶ್‌ರೀಕಂಠೇಶ್‌ವರ' ಆಗುತ್ತಾನೆ. ಅದಕ್ಕೇ ಹಳೇ ಡಿಟಿಪಿಯವರು 'ನುಡಿ' ತಂತ್ರಾಂಶದ ಹಳೇ ಫಾಂಟು ಬಿಟ್ಟು ಅಲುಗಾಡುವುದಿಲ್ಲ.

ಪಕ್ಕದ ತಿರುಮಕೂಡಲು ನರಸೀಪುರದ್ದು ಬೇರೆಯೇ ತಾಪತ್ರಯ. ಒತ್ತಿಲ್ಲ ಸರಿ, ಉದ್ದವೋ ಉದ್ದ. ದಪ್ಪಕ್ಷರದಲ್ಲಿ ಪೂರ್ತಿ ಬರೆದರೆ ಕಾವೇರಿಯ ಈ ದಡದಿಂದ ಆ ದಡಕ್ಕೆ ಬೇಕು. ಹಾಗಾಗಿ ಬಸ್ಸಿನ ಬೋರ್ಡಿನಿಂದ ಬೇಕರಿಯವರೆಗೆ ಎಲ್ಲ 'ಟಿ.ನರಸೀಪುರ'. ಅಲ್ಲಿ 1989ರಿಂದ ನಡೆದು ಬಂದ ಕುಂಭಮೇಳದ ಫ್ಲೆಕ್ಸಿಗೂ ತಮ್ಮ ಒಪ್ಪುತ್ತಾನೆ, 'ತ್ರಿವೇಣಿ ಸಂಗಮ' ಎಂಬೆರಡೇ ಪದ ಅವನಿಗೆ ಬಿಟ್ಟು ಮಿಕ್ಕದ್ದನ್ನು ಸಣ್ಣ ಅಕ್ಷರದಲ್ಲಿ ಹಾಕಿದರೆ.

ಕಬ್ಬಿನ ಹಾಲಿನ ಅಂಗಡಿ, ಚುರುಮುರಿ ಗಾಡಿ, ಮಗುವಿನ ಹುಟ್ಟುಹಬ್ಬ, ಬೇಸಿಗೆ ಶಿಬಿರ — ಎಲ್ಲಕ್ಕೂ ಕರೆಯಿರಿ, ಓಡಿ ಬರುತ್ತಾನೆ. ಆದರೆ ದಯವಿಟ್ಟು 'ಭಾವಪೂರ್ಣ ಶ್ರದ್ಧಾಂಜಲಿ'ಗೆ ಬೇಡ ಸ್ವಾಮಿ. ಆ ಗುಂಡುಗುಂಡು ಅಕ್ಷರ ನೋಡಿದವನಿಗೆ ಕಣ್ಣೀರು ಬರುವುದಿಲ್ಲ, ತಿಥಿಯೂಟದ ವಡೆ ನೆನಪಾಗುತ್ತದೆ.