ತಾತನ ಬೀಡಿ, ಲಂಡನ್ನಿನ ಲೆಕ್ಕ

ಸಿರುಗುಪ್ಪ ಬಸ್ ಸ್ಟ್ಯಾಂಡು. ತಲೆಯ ಮೇಲೆ ಬೋರ್ಡು: ಧೂಮಪಾನ ನಿಷೇಧಿಸಿದೆ. ಬೋರ್ಡಿನ ಕೆಳಗೇ ಒಬ್ಬರು ಬೀಡಿ ಹಚ್ಚಿದರು. ಕೆಮ್ಮಿದರು. ಬೀಡಿ ಆರಿತು. ಮತ್ತೆ ಹಚ್ಚಿದರು.

ಬೋರ್ಡು ತೋರಿಸಿದೆ. 'ಬಿಡ್ರಿ ಸರ, ನಮ್ಮ ತಾತ ತೊಂಬತ್ತು ವರ್ಷ ಬದುಕಿದ. ದಿನಾ ಒಂದು ಕಟ್ಟು ಬೀಡಿ. ಏನಾತು?'

ಬಂದನಪ್ಪ ತಾತ! ಈ ತಾತ ಕುರುಗೋಡಿನಲ್ಲೂ ಇದ್ದಾನೆ, ಬಳ್ಳಾರಿಯ ಕೌಲ್ ಬಜಾರಿನಲ್ಲೂ ಇದ್ದಾನೆ. ಚಾ ಅಂಗಡಿಗೊಬ್ಬ ತಾತ. ಬೀಡಿ ಸೇದಿ ಐವತ್ತಕ್ಕೇ ಹೋದವರ ಮಾತು ಮಾತ್ರ ಯಾರೂ ಎತ್ತುವುದಿಲ್ಲ. ಪಾಪ, ಅವರು ತಾತ ಆಗುವವರೆಗೆ ಉಳಿಯಲೇ ಇಲ್ಲ.

ತಾತ ಸೋತರೆ ಗಣಿ ಧೂಳು ಬರುತ್ತದೆ. 'ಸಂಡೂರಿನ ಕೆಂಪು ಧೂಳು ಕುಡಿದ ಎದೆಗೆ ಬೀಡಿ ಯಾವ ಲೆಕ್ಕ?' ಧೂಳು ಕೆಟ್ಟದ್ದೇ, ಒಪ್ಪಿದೆ. ಅದಕ್ಕೇ ಮೇಲೊಂದಿಷ್ಟು ಹೊಗೆ ಹಾಕಿಕೊಳ್ಳಬೇಕೇ? ಮನೆ ಸೋರುತ್ತಿದೆ ಅಂತ ಒಳಗೆ ಕೊಡಪಾನ ನೀರು ಸುರಿದುಕೊಂಡ ಹಾಗಾಯಿತು.

ಲಂಡನ್ನಿನವರೂ ಮೊದಲು ಬೈದದ್ದು ರಸ್ತೆಯನ್ನೇ. ಶ್ವಾಸಕೋಶದ ಕ್ಯಾನ್ಸರ್ ಏರುತ್ತಿತ್ತು. ರಸ್ತೆಗೆ ಬಳಿದ ಡಾಂಬರೋ, ಕಾರಿನ ಹೊಗೆಯೋ ಇರಬೇಕು ಎಂದು ರಿಚರ್ಡ್ ಡಾಲ್ ಎಂಬ ವೈದ್ಯನ ಗುಮಾನಿ. ಆತ ಸಂಖ್ಯಾತಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಜೊತೆ ಆಸ್ಪತ್ರೆ ಆಸ್ಪತ್ರೆ ಸುತ್ತಿಸಿ ರೋಗಿಗಳನ್ನು ಕೇಳಿಸಿದ. ಕ್ಯಾನ್ಸರ್ ಬಂದ 649 ಗಂಡಸರಲ್ಲಿ ಸೇದದವರು ಇಬ್ಬರು. ಬರೀ ಇಬ್ಬರು! ಲೆಕ್ಕ ಮುಗಿಯುವ ಮೊದಲೇ ಡಾಲ್ ಸಿಗರೇಟು ಬಿಟ್ಟ. ತನ್ನ ಲೆಕ್ಕವನ್ನು ತಾನೇ ನಂಬುವ ಮನುಷ್ಯ, ಅಪರೂಪ.

ಅದು 1950. ಅದೇ ವರ್ಷ ಅಮೆರಿಕದಲ್ಲಿ ವಿಂಡರ್ ಮತ್ತು ಗ್ರಹಾಂ ಕೂಡ ಅದನ್ನೇ ಹೇಳಿದರು. ಗ್ರಹಾಂ ದೊಡ್ಡ ಶಸ್ತ್ರವೈದ್ಯ, ಕ್ಯಾನ್ಸರ್ ಹಿಡಿದ ಶ್ವಾಸಕೋಶ ಕಿತ್ತು ರೋಗಿಯನ್ನು ಉಳಿಸಿ ಹೆಸರಾದವನು. ಸ್ವತಃ ಸಿಗರೇಟಿನ ದಾಸ. ಮೊದಲು ನಂಬಲಿಲ್ಲ, ಅಂಕಿ ನೋಡಿ ನಂಬಿದ, ಬಿಟ್ಟ. ತಡವಾಗಿತ್ತು. 1957ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದಲೇ ಸತ್ತ. ತಾತನ ಕಥೆ ಹೇಳುವವರು ಈ ಕಥೆಯನ್ನೂ ಒಂದು ಸಲ ಹೇಳಲಿ.

ಆಗ ನಮ್ಮ ಬಳ್ಳಾರಿ ಮದ್ರಾಸಿಗೆ ಸೇರಿತ್ತು. 1953ರ ಅಕ್ಟೋಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಬಂತು. ಅದೇ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಸಿಗರೇಟು ಕಂಪನಿಗಳ ಯಜಮಾನರು ಸೇರಿದರು. 1954ರ ಜನವರಿಯಲ್ಲಿ 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟರು. ಸಾರಾಂಶ ಇಷ್ಟೇ: ಇನ್ನೂ ಸಾಬೀತಾಗಿಲ್ಲ, ನಿಮ್ಮ ಆರೋಗ್ಯ ನಮ್ಮ ಹೊಣೆ, ಸಂಶೋಧನೆ ಮಾಡಿಸುತ್ತೇವೆ. ಕುರಿಗಳ ಯೋಗಕ್ಷೇಮಕ್ಕೆ ತೋಳದ ಸಮಿತಿ.

ಸಂಖ್ಯಾಶಾಸ್ತ್ರದ ದೈತ್ಯ ರೊನಾಲ್ಡ್ ಫಿಶರ್ ಕೂಡ ಕಂಪನಿಗಳ ಸಲಹೆಗಾರನಾದ. ಬಾಯಲ್ಲಿ ಪೈಪು. ಸೇದುವ ಚಟವೂ ಕ್ಯಾನ್ಸರೂ ಎರಡೂ ಹುಟ್ಟುಗುಣ ಇರಬಹುದಲ್ಲ ಎಂದ. ನಮ್ಮವರು ಹಣೆಬರಹ ಅನ್ನುತ್ತಾರೆ. ವ್ಯತ್ಯಾಸ ಒಂದೇ: ಅವನಿಗೆ ಫೀಸು ಸಿಗುತ್ತಿತ್ತು. ನಮ್ಮ ಚಾ ಅಂಗಡಿಯ ವಕೀಲರು ಕಂಪನಿಯ ಪರ ಪುಕ್ಕಟೆ ವಾದಿಸುತ್ತಾರೆ. ಬೀಡಿಯೂ ಸ್ವಂತ ದುಡ್ಡಿನದು.

ಸರ್ಕಾರವಾದರೂ ನೆಟ್ಟಗಿದೆಯೇ? 1975ರಲ್ಲಿ ಸಿಗರೇಟು ಪ್ಯಾಕಿನ ಮೇಲೆ ಎಚ್ಚರಿಕೆ ಅಚ್ಚು ಹಾಕಿಸುವ ಕಾಯ್ದೆ ಬಂತು. ಭೇಷ್. ಅದೇ 1975ರಲ್ಲಿ ತಂಬಾಕು ಮಂಡಳಿ ಕಾಯ್ದೆಯೂ ಬಂತು, ತಂಬಾಕು ಉದ್ಯಮವನ್ನು ಬೆಳೆಸಲಿಕ್ಕೆ! ಒಂದೇ ಸಂಸತ್ತು, ಒಂದೇ ವರ್ಷ. ಇವತ್ತಿಗೂ ಹುಣಸೂರು, ಪಿರಿಯಾಪಟ್ಟಣದಲ್ಲಿ ಮಂಡಳಿಯೇ ನಿಂತು ಹರಾಜು ಕೂಗಿಸುತ್ತದೆ.

ಎಲ್‌ಐಸಿಯ ಟರ್ಮ್ ಪಾಲಿಸಿ ಕೇಳಿ ನೋಡಿ. ಸಿಗರೇಟು ಸೇದುತ್ತೀರಾ? ಹೌದೆಂದರೆ ಪ್ರೀಮಿಯಂ ಜಾಸ್ತಿ. ನೀವು ಬೇಗ ಸಾಯುತ್ತೀರಿ ಎಂದು ಅದಕ್ಕೆ ಗೊತ್ತು. ದೇಶದ ಅತಿ ದೊಡ್ಡ ಸಿಗರೇಟು ಕಂಪನಿಯಾದ ಐಟಿಸಿಯಲ್ಲಿ ಶೇ 15ರ ಆಸುಪಾಸು ಷೇರು ಇಟ್ಟುಕೊಂಡಿರುವುದೂ ಅದೇ ಎಲ್‌ಐಸಿ. ಸೇದಿದರೂ ಲಾಭ, ಸೇದಿದ್ದೀರಿ ಅಂದರೂ ಲಾಭ.

2015ರಲ್ಲಿ ಪ್ಯಾಕಿನ ಎಚ್ಚರಿಕೆಯ ಚಿತ್ರ ಶೇ 85ಕ್ಕೆ ಹಿಗ್ಗಬೇಕಿತ್ತು. ಅದನ್ನು ಪರಿಶೀಲಿಸುತ್ತಿದ್ದ ಸಂಸದೀಯ ಸಮಿತಿಯ ಅಧ್ಯಕ್ಷ ದಿಲೀಪ್ ಗಾಂಧಿ ಹೊಸ ಜ್ಞಾನ ದಯಪಾಲಿಸಿದರು: ತಂಬಾಕಿನಿಂದ ಕ್ಯಾನ್ಸರ್ ಬರುತ್ತದೆ ಎನ್ನಲು ಭಾರತದ ಸಮೀಕ್ಷೆಯೇ ಇಲ್ಲ, ಎಲ್ಲಾ ವಿದೇಶದವು. ಅದೇ ಸಮಿತಿಯಲ್ಲಿ ಒಬ್ಬ ಬೀಡಿ ಉದ್ಯಮಿ ಸಂಸದರೂ ಕೂತಿದ್ದರು. ಶೇ 85ರ ಚಿತ್ರ ಬರಲು ಇನ್ನೊಂದು ವರ್ಷ ಹಿಡಿಯಿತು.

ಭಾರತದ ಎದೆಗೂಡು ಬೇರೆ ಎಂದು ಇವರಿಗೆ ಯಾರು ಹೇಳಿದರೋ! ಇಲ್ಲಿನ ಅಧ್ಯಯನ ಇಲ್ಲದೆಯೂ ಇಲ್ಲ. ಮುಂಬೈಯಲ್ಲಿ ಸಾಂಘ್ವಿ ಮತ್ತು ಸಂಗಡಿಗರು 1955ರಲ್ಲೇ ಬಾಯಿ, ಗಂಟಲು ಕ್ಯಾನ್ಸರಿಗೂ ತಂಬಾಕಿಗೂ ಗಂಟು ಹಾಕಿ ತೋರಿಸಿದ್ದರು. 2003ರಲ್ಲಿ ಚೆನ್ನೈನ ಗಜಲಕ್ಷ್ಮಿ ತಂಡ ತಮಿಳುನಾಡಿನ ಸಾವುಗಳನ್ನು ಎಣಿಸಿ, ದೇಶದಲ್ಲಿ ಟಿಬಿಯಿಂದ ಸಾಯುವ ಗಂಡಸರಲ್ಲಿ ಅರ್ಧದಷ್ಟು ಸಾವಿಗೆ ಧೂಮಪಾನವೇ ಕಾರಣ ಎಂದಿತು. ಟಿಬಿ ಸ್ಯಾನಿಟೋರಿಯಂ ಕಂಡ ಬಳ್ಳಾರಿಗೆ ಇದನ್ನು ಬಿಡಿಸಿ ಹೇಳಬೇಕೇ? 2008ರ ದೇಶವ್ಯಾಪಿ ಅಧ್ಯಯನ ಬೀಡಿಯನ್ನೇ ಹಿಡಿದು ಅಳೆಯಿತು: ಬೀಡಿ ಸೇದುವ ಗಂಡಸಿಗೆ ಆರು ವರ್ಷ ಆಯುಷ್ಯ ಕಡಿಮೆ, ಹೆಂಗಸಿಗೆ ಎಂಟು, ಸಿಗರೇಟು ಸೇದುವ ಗಂಡಸಿಗೆ ಹತ್ತು.

ಈಗ ಕರ್ನಾಟಕ ಗುಡುಗಿದೆ. ತಿದ್ದುಪಡಿ ಕಾಯ್ದೆ 2025ರಲ್ಲಿ ಜಾರಿಗೆ ಬಂತು. ಸಾರ್ವಜನಿಕವಾಗಿ ಸೇದಿದರೆ ದಂಡ 200 ಅಲ್ಲ, 1000 ರೂಪಾಯಿವರೆಗೆ. 21 ತುಂಬದವರಿಗೆ ಮಾರುವಂತಿಲ್ಲ. ಬಿಡಿ ಸಿಗರೇಟು ಮಾರುವಂತಿಲ್ಲ. ಬಳ್ಳಾರಿಯ ಡಬ್ಬಿ ಅಂಗಡಿಗೆ ಹೋಗಿ 'ಒಂದು ಕೊಡಿ' ಅನ್ನಿ. ಒಂದೇ ಕೊಡುತ್ತಾರೆ. ಹಚ್ಚಿಕೊಳ್ಳಲು ಲೈಟರು ದಾರದಲ್ಲಿ ತೂಗುತ್ತಿರುತ್ತದೆ. ಎಚ್ಚರಿಕೆಯ ಚಿತ್ರ ಪ್ಯಾಕಿನ ಮೇಲೇ ಉಳಿಯುತ್ತದೆ. ಪ್ಯಾಕು ಅಂಗಡಿಯವನ ಬಳಿ.

ಬಸ್ಸು ಬಂತು. ನಮ್ಮ ತಾತನ ಮೊಮ್ಮಗ ಅರ್ಧ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡರು, ಕುರುಗೋಡಿನಲ್ಲಿ ಇಳಿದು ಸೇದಲು. ಹತ್ತುವಾಗ ಮೂರು ಸಲ ನಿಂತು ಉಸಿರೆಳೆದುಕೊಂಡರು. ಬಸ್ಸಿಗೆ ಇದ್ದದ್ದು ಮೂರೇ ಮೆಟ್ಟಿಲು.