ಕ್ರಾಸ್ ನಾಯಿಯ ಕಾರುಬಾರು

ನಮ್ಮ ಚಿಂಟುವನ್ನು ನೋಡಿದವರು ಮೊದಲು ವಿಚಾರಿಸುವುದು ಹೆಸರನ್ನಲ್ಲ, ಜಾತಿಯನ್ನು. ನಮ್ಮಾಕೆ ಗತ್ತಿನಿಂದ "ಪಮೇರಿಯನ್" ಅನ್ನುತ್ತಾಳೆ. ಅರ್ಧ ನಿಜ. ತಾಯಿ ಪಮೇರಿಯನ್, ತಂದೆಯನ್ನು ಹುಡುಕಬೇಕಾದರೆ ಮಾಂಸದಂಗಡಿಗಳ ಮುಂದೆ ಬಿದ್ದುಕೊಂಡಿರುವ ಮಂದೆಯನ್ನೆಲ್ಲ ವಿಚಾರಣೆಗೆ ಕರೆಸಬೇಕು. ಮೈತುಂಬ ಬಿಳಿ ಜೂಲು, ಬಾಲ ಮಾತ್ರ ಬೋಳು. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡೇ ಇರುತ್ತದೆ. ಇನ್ನು ಆ ಅರ್ಧ ನಿಜವಾದರೂ ಪೂರಾ ನಿಜವೇ ಎಂದರೆ ಅದೂ ಅನುಮಾನ. ನಮ್ಮ ದೇಶದಲ್ಲಿ ಪಮೇರಿಯನ್ ಎಂದು ಸಾಕಿದವು ಬಹುಪಾಲು ಇಂಡಿಯನ್ ಸ್ಪಿಟ್ಜ್. 1994ರ 'ಹಮ್ ಆಪ್ಕೆ ಹೈ ಕೌನ್' ಸಿನಿಮಾದಲ್ಲಿ ಮದುವೆ ಕೂಡಿಸಿದ ನಾಯಿ ಟಫಿಯೂ ಅದೇ ಪೈಕಿ.

ಮಗ್ಗದ ಮಾತಿನಲ್ಲಿ ಹೇಳಿದರೆ ಚಿಂಟುವಿನ ಹಾಸು ಒಂದು ನೂಲು, ಹೊಕ್ಕು ಇನ್ನೊಂದು. 1938ರಲ್ಲೇ ಮಾಚಾನಿ ಸೋಮಪ್ಪನವರು ನೇಕಾರರ ಸಹಕಾರ ಸಂಘ ಕಟ್ಟಿದ ನಮ್ಮ ಎಮ್ಮಿಗನೂರಿನವರು ಇದಕ್ಕೆ ಮೂಗು ಮುರಿಯಬಾರದು. ನಾವಾದರೂ ಏನು ಅಪ್ಪಟವೇ? 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆ ಬಿಟ್ಟು ಆಂಧ್ರಕ್ಕೆ ಹೋದವು, ಅವುಗಳ ಜೊತೆ ನಾವೂ ಹೋದೆವು. ಮನೆಯೊಳಗೆ ಕನ್ನಡ, ಹೊಸಲು ದಾಟಿದರೆ ತೆಲುಗು. ಚಿಂಟುವಿಗೆ ಎರಡೂ ಅರ್ಥವಾಗುತ್ತವೆ. ಯಾವುದರಲ್ಲಿ ಹೇಳಿದರೂ ಕೇಳುವುದಿಲ್ಲ.

ಅದನ್ನು ಕೆಡಿಸಿದ್ದು ಯಾರು ಎಂಬ ವ್ಯಾಜ್ಯ ನಮ್ಮಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಜೋಳದ ರೊಟ್ಟಿಗೆ ತುಪ್ಪ ಸವರದಿದ್ದರೆ ಮೂಸಿಯೂ ನೋಡುವುದಿಲ್ಲ. ಬೆಳಿಗ್ಗೆ ಉಗ್ಗಾಣಿ ಮಾಡಿದ ದಿನ ಅದಕ್ಕೂ ಒಂದು ತಟ್ಟೆ. ಉಳ್ಳಾಗಡ್ಡಿ ನಾಯಿಗೆ ವಿಷ, ರಕ್ತಕಣಗಳನ್ನು ಒಡೆಯುತ್ತದೆ ಎಂದು ಡಾಕ್ಟರು ಎಚ್ಚರಿಸಿದ ಮೇಲೆ ನಮ್ಮಾಕೆ ಅದರ ಪಾಲನ್ನು ಬೇರೆ ಬಾಣಲೆಯಲ್ಲೇ ಒಗ್ಗರಿಸುತ್ತಾಳೆ. ನನಗೆ ಬಿ.ಪಿ. ಇದೆ, ಉಪ್ಪು ಕಡಿಮೆ ಹಾಕು ಎಂದಾಗ ಸಿಗದ ಬಾಣಲೆ ಅದು. ಚಿಂಟು ಮಂಡಕ್ಕಿ ತಿಂದು, ಕರಿಬೇವನ್ನು ಮೂತಿಯಿಂದ ತಟ್ಟೆಯ ಅಂಚಿಗೆ ತಳ್ಳುತ್ತದೆ. ಮಿರ್ಚಿ ಬಜ್ಜಿ ಸಿಕ್ಕರೆ ಮುಂಗಾಲಲ್ಲಿ ಒತ್ತಿ ಹಿಡಿದು, ಕಡಲೆಹಿಟ್ಟಿನ ಕವಚವನ್ನಷ್ಟೇ ಸುಲಿದು ತಿಂದು, ಮೆಣಸಿನಕಾಯಿಯನ್ನು ನನ್ನ ಚಪ್ಪಲಿಯೊಳಗೆ ಬಿಟ್ಟು ಹೋಗುತ್ತದೆ.

ಬೇಸಿಗೆಯಲ್ಲಿ ಅದರ ಠಿಕಾಣಿ ಪಕ್ಕದ ಮನೆಯ ಗುಂಡಿಮಗ್ಗ. ನೇಯುವವರು ಕಾಲು ಇಳಿಬಿಡುವ ಆ ಗುಂಡಿ ಊರಿಗೆಲ್ಲ ತಂಪಾದ ಜಾಗ. "ಏನ್ ಸಾರ್, ನಿಮ್ಮ ಮಗ ಮಗ್ಗ ಕಲಿಯಾಕ ಬಂದಾನ. ಕೂಲಿ ನಾನು ಕೊಡ್ಬೇಕೋ, ನೀವೇ ಕೊಡ್ತೀರೋ?" ಎಂದು ಅವರು ಕೇಳುತ್ತಾರೆ.

1885ರ ಜುಲೈ 6ರಂದು ಲೂಯಿ ಪಾಶ್ಚರ್ ಹುಚ್ಚುನಾಯಿ ಕಚ್ಚಿದ್ದ ಹುಡುಗನೊಬ್ಬನಿಗೆ ಮೊದಲ ಲಸಿಕೆ ಕೊಟ್ಟ. ಆ ನೆನಪಿಗೆ ಅದೇ ದಿನ ಪಶು ಆಸ್ಪತ್ರೆಗಳಲ್ಲಿ ನಾಯಿಗಳಿಗೆ ಪುಕ್ಕಟೆ ಸೂಜಿ. ಮನೆಯಲ್ಲಿ ಹಾಲಿನವನಿಂದ ಹಿಡಿದು ಹಲ್ಲಿಯವರೆಗೆ ಎಲ್ಲರ ಮೇಲೂ ಹಾರುವ ಚಿಂಟು ಸರದಿಯಲ್ಲಿ ನಿಂತ ಮೇಲೆ ನನ್ನ ಪಂಚೆಯೊಳಗೆ ಸೇರಿಕೊಂಡಿತು. ಸೂಜಿ ಚುಚ್ಚಿದ್ದು ಕತ್ತಿನ ಹಿಂದೆ. ಮನೆಗೆ ಬಂದು ಕುಂಟಿದ್ದು ಹಿಂಗಾಲು. ಅದೂ ನಮ್ಮಾಕೆ ಎದುರಿಗಿದ್ದಾಗ ಮಾತ್ರ.

ಇಷ್ಟಾದರೂ ಗದರಿಸಲು ನನಗೊಬ್ಬನಿಗೆ ಹಕ್ಕಿತ್ತು. ಅದನ್ನೂ ಒಬ್ಬ ಗೊರವಯ್ಯ ಕಸಿದುಕೊಂಡು ಹೋದ. ದಸರೆಯ ರಾತ್ರಿ ಬಡಿಗೆ ಕಾಳಗ ನಡೆಯುತ್ತದಲ್ಲ, ಆ ದೇವರಗಟ್ಟಿನ ಮಾಳ ಮಲ್ಲೇಶ್ವರನ ಒಕ್ಕಲು ನಮ್ಮ ಅವ್ವನ ತವರು. ಈ ಮಲ್ಲೇಶ್ವರನೇ ನಮ್ಮವರ ಬಾಯಲ್ಲಿ ಮಲ್ಲಯ್ಯ, ಮೈಲಾರ. ಆತನ ಗೊರವರು ತಾವೇ ದೇವರ ನಾಯಿಗಳು. ದೋಣಿ ಎಂಬ ಬಟ್ಟಲಲ್ಲಿ ಹಾಲು, ಬಾಳೆಹಣ್ಣು ಹಾಕಿಸಿಕೊಂಡು, ಬೊಗಳಿ, ಬಾಗಿ ಬಾಯಿಂದಲೇ ತಿನ್ನುವ ಸೇವೆ ಅವರದು. ಕಂಬಳಿ ಹೊದ್ದು, ಡಮರುಗ ಬಾರಿಸುತ್ತ ಬಾಗಿಲಿಗೆ ಬಂದವನ ಮೇಲೆ ಚಿಂಟು ಜೋರಾಗಿ ಬೊಗಳಿತು. ಆತ ಕುಕ್ಕರಗಾಲಿನಲ್ಲಿ ಕೂತು, ಅದಕ್ಕಿಂತ ಜೋರಾಗಿ ತಿರುಗಿ ಬೊಗಳಿದ. ಚಿಂಟು ಮಂಚದ ಕೆಳಗೆ ಓಡಿತು. ಅವ್ವ ಇಬ್ಬರಿಗೂ ಕೈ ಮುಗಿದಳು.

ಅವತ್ತಿನಿಂದ ಅದು ಮಲ್ಲಯ್ಯನ ನಾಯಿ. ಬೈದರೆ ಮನೆಗೆ ಒಳ್ಳೆಯದಲ್ಲವಂತೆ. ಮಲ್ಲಯ್ಯನ ವಾರ ಭಾನುವಾರ. ಆ ದಿನ ಹಾಲು ಮೊದಲು ಅದಕ್ಕೆ, ಮಿಕ್ಕಿದ್ದರೆ ನನ್ನ ಚಹಾಕ್ಕೆ. ಬಾಳೆಹಣ್ಣಿನ ಸಿಪ್ಪೆ ಸುಲಿದು ಕೊಡುವ ಕೆಲಸ ಸದ್ಯಕ್ಕೆ ನನ್ನದು.